ಹಸಿರಿಲ್ಲದ ಹತ್ತು ದಿನ

ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ, ನೇರ ಹಿಡಿದರೆ ಬರೀ ಕಪ್ಪು, ಆ ಕಪ್ಪಿನಲ್ಲಿ ನನ್ನದೇ ಮುಖ, ರಿಪೇರಿ ಮಾಡುವ ಮೈನೋದ್ದೀನನ ಬಿಳಿ ಟೋಪಿ, ಮೇಲೆ ಗರಗರ ಎನ್ನುವ ಫ್ಯಾನು — ಓರೆ ಹಿಡಿದರೆ ಬಾವಿಯ ತಳಕ್ಕೆ ಬಿದ್ದ ಬಿಂದಿಗೆಯಂತೆ ಮಸುಕಾಗಿ ಏನೋ, ಅಕ್ಷರಗಳಿರಬೇಕು. ಚಿತ್ರ ಐತ್ರಿ ಅಕ್ಕಾರ, ನೋಡ್ರಿ ಇಲ್ಲಿ, ಸತ್ತಿಲ್ಲ ಇದು, ಹಿಂದಿನ ಬೆಳಕ ಅಷ್ಟ ಬರವಲ್ದು, ಅನ್ನುತ್ತಾನೆ ಮೈನೋದ್ದೀನ. ಸತ್ತಿಲ್ಲವಂತೆ. ನಾನೂ ಸತ್ತಿಲ್ಲ, ನಿನ್ನೆ ಸಂಜೆ ನನ್ನ ಗಂಡ ಇದೇ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮೇಲೆ ಅಪ್ಪಳಿಸಿದಾಗ ಇಬ್ಬರೂ ಸಾಯಬಹುದಿತ್ತು, ನಾನೂ ಇದೂ, ಇಬ್ಬರದೂ ಗಟ್ಟಿ ಜೀವ, ಅದಕ್ಕೇ ಗೋಕಾಕದ ಬಸ್‌ಸ್ಟ್ಯಾಂಡಿನ ಎದುರಿನ ಈ ಅಟ್ಟದ ಅಂಗಡಿಯಲ್ಲಿ ಎದುರುಬದುರು ಕೂತಿದ್ದೇವೆ, ನಡುವೆ ಒಂದು ಮೇಜು, ಮೇಜಿನ ಮೇಲೆ ಉದ್ದದ ಸ್ಕ್ರೂಡ್ರೈವರು, ತುದಿ ಚೂಪಾಗಿದೆ, ಗಂಡನ ಕಿವಿಯ ಹಿಂದಿನ ಮೆತ್ತನೆಯ ಜಾಗಕ್ಕೆ ಇಟ್ಟು ಒತ್ತಿದರೆ ಎಷ್ಟು ಒಳಗೆ ಹೋದೀತು — ತ್ರಿಶಲಾ, ಸುಮ್ಮನಿರು, ವ್ರತದ ದಿನ. ಬಿದ್ದಿತ್ತೇನ್ರಿ ಇದು, ಎಂದು ಕೇಳುತ್ತಾನೆ ಮೈನೋದ್ದೀನ. ಹೌದ್ರಿ ಅಣ್ಣಾರ, ಮೇಜಿನ ಮ್ಯಾಲಿಂದ ಬಿತ್ತ್ರಿ. ಅವನು ಮುಚ್ಚಳದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾನೆ, ಮೂಲೆ ಒಳಕ್ಕೆ ಬಾಗಿದೆ, ಆ ಮೂಲೆಯ ಜೋಡಿ ನನ್ನ ಎಡಗೈ ಮೇಲಿದೆ, ಸೆರಗು ಮುಚ್ಚಿಕೊಂಡು ಕೂತಿದ್ದೇನೆ, ನೀಲಿ ಬಣ್ಣಕ್ಕೆ ತಿರುಗಿ ಊದಿಕೊಂಡಿದೆ. ಎಷ್ಟೊತ್ತು ಹಿಡಿತೈತ್ರಿ. ತಗದು ನೋಡಬೇಕ್ರಿ. ಮೂರಕ್ಕ ನಾ ಬಸ್ ಹತ್ತಬೇಕ್ರಿ ಅಣ್ಣಾರ, ಮೂಡಲಗಿ ಮುಟ್ಟಬೇಕು. ಈಗ ಹನ್ನೆರಡೂವರೆ. ನನ್ನ ಗಂಡ ಹುಕ್ಕೇರಿಗೆ ಹೋಗಿದ್ದಾನೆ, ಪಂಪ್‌ಸೆಟ್ಟಿನ ವ್ಯಾಪಾರದ ಕೆಲಸ, ಐದೂವರೆಗೆ ಬರುತ್ತಾನೆ, ಸೂರ್ಯ ಮುಳುಗುವುದರೊಳಗೆ ಉಣ್ಣುತ್ತಾನೆ, ಕೈ ತೊಳೆದು ಇದನ್ನು ಬಗಲಲ್ಲಿ ಇಟ್ಟುಕೊಂಡು ಬಸದಿಗೆ ಹೋಗಬೇಕು, ಇವತ್ತಿನ ಪ್ರವಚನ ಅವನದು, ಪ್ರವಚನ ಇದರೊಳಗಿದೆ. ತೆರೆದಾಗ ಪರದೆ ಕಪ್ಪಗಿದ್ದರೆ ಕೇಳುತ್ತಾನೆ, ಯಾರು ಹಾಳ ಮಾಡಿದ್ರು ಇದನ್ನ. ನಾಟಕಕ್ಕಲ್ಲ, ನಿಜವಾಗಿಯೇ ಕೇಳುತ್ತಾನೆ, ಹೊಡೆದದ್ದು ಅವನಿಗೆ ನೆನಪಿರುವುದಿಲ್ಲ, ಯಾವತ್ತೂ ಇರುವುದಿಲ್ಲ, ಹದಿನೇಳು ವರ್ಷದ ಲೆಕ್ಕ ನನ್ನ ಮೈಮೇಲೆ ಮಾತ್ರ ಇದೆ. ಅವನು ನನ್ನನ್ನು ಹೊಡೆದು ಕೆಡಿಸಿದ ಇದನ್ನು ನಾನು ರಿಪೇರಿ ಮಾಡಿಸದಿದ್ದರೆ, ಕೆಟ್ಟಿದ್ದಕ್ಕೆ ನನ್ನನ್ನು ಹೊಡೆಯುತ್ತಾನೆ. ನಗು ಬರುತ್ತದೆ, ನಕ್ಕರೆ ಪಕ್ಕೆಲುಬು ನೋಯುತ್ತದೆ, ಹಾಗಾಗಿ ನಗುವುದಿಲ್ಲ.

ಮೂಡಲಗಿಯಲ್ಲೇ ರಿಪೇರಿಯವರಿದ್ದಾರೆ, ಅಲ್ಲಿ ಕೊಟ್ಟರೆ ಅಂಗಡಿಯವನು ಸಂಜೆಯೊಳಗೆ ದಾದಾಸಾಹೇಬ ಅಣ್ಣಾರ, ನಿಮ್ಮ ಲ್ಯಾಪಟಾಪು ಬಂದಿತ್ರಿ ಅಂತ ನನ್ನ ಗಂಡನಿಗೇ ಹೇಳುತ್ತಾನೆ, ಅದಕ್ಕೇ ಗೋಕಾಕ. ಅತ್ತೆ ಪದ್ಮವ್ವನಿಗೆ ಕೈ ತೋರಿಸಾಕ ದವಾಖಾನಿಗೆ ಹೋಗ್ತೇನಿ ಅಂದೆ, ಅತ್ತೆ ನನ್ನ ಕೈ ನೋಡಲಿಲ್ಲ, ಚೀಲ ನೋಡಿದಳು, ಚೀಲ ಚಚ್ಚೌಕವಾಗಿತ್ತು, ಹೊತ್ತ ಮುಳಗೂದರಾಗ ಬಾ, ಅಂದಳು ಅಷ್ಟೇ. ಮೈನೋದ್ದೀನ ಮೂಲೆಯಿಂದ ಹಳೆಯ ದಪ್ಪ ಮಾನಿಟರೊಂದನ್ನು ಎತ್ತಿ ತಂದು ಮೇಜಿನ ಮೇಲೆ ಕೂರಿಸುತ್ತಿದ್ದಾನೆ, ಟಿವಿ ರಿಪೇರಿ ಮಾಡುತ್ತಿದ್ದವನು, ಗೋಡೆಯುದ್ದಕ್ಕೂ ಸತ್ತ ಟಿವಿಗಳು ಬಾಯಿ ತೆರೆದು ಕೂತಿವೆ, ಇದರ ವೈರ ಇದಕ್ಕ ಹಚ್ಚಿ ನೋಡೂನ್ರಿ, ಇದರಾಗ ಚಿತ್ರ ಬಂತಂದ್ರ ಮಶಿನ್ ಚಲೋ ಐತಿ, ಪರದೆ ಕಡೆ ಅಷ್ಟ ತ್ರಾಸು. ತುಟಿ ಒಣಗಿದೆ ಅವನದು, ರಂಜಾನಿನ ಉಪವಾಸ, ಬೆಳಗಿನಿಂದ ಹನಿ ನೀರು ಮುಟ್ಟಿರಲಿಕ್ಕಿಲ್ಲ, ನಾನೂ ಮುಟ್ಟಿಲ್ಲ, ಈ ವರ್ಷ ಎರಡೂ ಒಟ್ಟಿಗೇ ಬಂದಿವೆ, ಅವರ ರೋಜಾ, ನಮ್ಮ ಜೈನರ ದಶಲಕ್ಷಣದ ಹತ್ತು ದಿನ, ದಿನಕ್ಕೊಂದು ಧರ್ಮ, ಹೊತ್ತು ಮುಳುಗಿದ ಮೇಲೆ ಅವನ ಊಟ, ಮುಳುಗುವ ಮೊದಲು ನಮ್ಮದು, ನಡುವೆ ಒಬ್ಬನೇ ಸೂರ್ಯ ಇಬ್ಬರನ್ನೂ ಕಾಯಿಸುತ್ತಾನೆ. ಮಾನಿಟರು ಟಪ್ ಎಂದಿತು, ಬೆಳಕು ನಡುಗಿತು, ನಿಂತಿತು — ಅಯ್ಯೋ, ಇಷ್ಟು ದೊಡ್ಡದಾಗಿ. ಉತ್ತಮ ಸಂಯಮ. ನಾನೇ ಟೈಪ್ ಮಾಡಿದ್ದು, ದಪ್ಪ ಅಕ್ಷರದಲ್ಲಿ ತಲೆಬರಹ ಹಾಕು ಅಂದಿದ್ದ ಗಂಡ, ಹಾಕಿದ್ದೆ. ಅವನಿಗೆ ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಲು ಮಾತ್ರ ಬರುತ್ತದೆ, ಘಟಪ್ರಭೆಯಲ್ಲಿ ಆರು ತಿಂಗಳು ಟೈಪಿಂಗ್ ಕಲಿತು ಮದುವೆಯಾಗಿ ಬಂದವಳು ನಾನು, ಅವನು ಜೋಕಾಲಿಯಲ್ಲಿ ಕೂತು ಕಣ್ಣು ಮುಚ್ಚಿ ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ — ಕೈ, ಕಾಲು, ಮಾತು, ಮನಸ್ಸು, ಈ ನಾಲ್ಕು ಕುದುರೆಗಳ ಲಗಾಮು ಹಿಡಿದವನೇ ಸಂಯಮಿ, ಬಂಧುಗಳೇ, ಇರುವೆಗೂ ನಮ್ಮಷ್ಟೇ ನೋವಿದೆ. ಮೈನೋದ್ದೀನ ಓದುತ್ತಿದ್ದಾನೆ, ತುಟಿ ಅಲುಗುತ್ತಿದೆ, ಚಲೋ ಬರದಾರ್ರಿ ಯಾರೋ, ಅಂದ. ಹೌದ್ರಿ, ನಮ್ಮ ಮನಿಯವರು. ಚಲೋ ಮಂದಿರಿ, ಎಂದು ಅವನು ವೈರು ಕಿತ್ತ, ಅಕ್ಷರಗಳು ಒಂದೇ ಕ್ಷಣಕ್ಕೆ ಬಾಡಿ ಹೋದವು.

ಚಲೋ ಮಂದಿ. ಬಾವಿಯ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಬಾವಿಗೇ ಬಿಡಬೇಕಲ್ಲ, ಅದನ್ನು ಅವನು ಯಾರಿಗೂ ಬಿಡುವುದಿಲ್ಲ, ತಾನೇ ಬಟ್ಟೆಯನ್ನು ತಂಬಿಗೆಯಲ್ಲಿ ಅದ್ದಿ, ತಂಬಿಗೆಯನ್ನು ಹಗ್ಗದಲ್ಲಿ ಇಳಿಸಿ, ನೀರು ಮುಟ್ಟಿದ ಮೇಲೆ ಓರೆ ಮಾಡುತ್ತಾನೆ, ಮೇಲಿಂದ ಸುರಿದರೆ ಅವುಗಳಿಗೆ ಪೆಟ್ಟಾಗುತ್ತದಂತೆ. ಆ ಕೈ. ಅದೇ ಕೈ. ಈ ಹತ್ತು ದಿನ ದಿನಕ್ಕೊಂದೇ ಊಟ, ಹಸಿ ತರಕಾರಿ ಇಲ್ಲ, ಸೊಪ್ಪು ಇಲ್ಲ, ಮೆಣಸಿನಕಾಯಿ ಇಲ್ಲ, ತಾಟಿನಲ್ಲಿ ಹಸಿರು ಅನ್ನುವುದೇ ಕಾಣಬಾರದು, ಅದು ಎಲ್ಲರ ಮನೆಯ ನೇಮ, ಇವನದು ಅದರ ಮೇಲೊಂದು — ಮುನಿಗಳಿಗಿರುವ ಅಂತರಾಯದ ನೇಮವನ್ನು ತಾನೂ ಹಿಡಿದಿದ್ದಾನೆ, ಊಟದಲ್ಲಿ ಕೂದಲೋ ಹುಳವೋ ಕಂಡರೆ ಅಂತರಾಯ, ಅಲ್ಲಿಗೆ ಕೈ ಬಿಟ್ಟು ಏಳಬೇಕು, ಮರುದಿನದವರೆಗೆ ನೀರೂ ಇಲ್ಲ. ಮುನಿಗಳಂಗ ಐತಿ ನನ್ನ ಮಗನ ನೇಮ, ಎಂದು ಅತ್ತೆ ಓಣಿಗೆಲ್ಲಾ ಹೇಳಿಕೊಂಡು ಬಂದಿದ್ದಾಳೆ. ನಿನ್ನೆ ಐದನೆಯ ದಿನ, ಸತ್ಯದ ದಿನ, ಮಗಳು ಭಕ್ತಿ ಬಡಿಸುತ್ತಿದ್ದಳು, ಎರಡನೇ ತುತ್ತಿಗೆ ಅವನ ಕೈ ನಿಂತಿತು. ಕೂದಲು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದ, ನಾನು ನೋಡಿದೆ, ಅತ್ತೆ ನೋಡಿದಳು, ಬೆರಳಿನಷ್ಟೂ ಉದ್ದವಿರಲಿಲ್ಲ, ಮೆಹಂದಿ ಹಚ್ಚಿದ ಕೆಂಪು, ಮನೆಯಲ್ಲಿ ಮೆಹಂದಿ ಹಚ್ಚುವ ತಲೆ ಒಂದೇ, ಊಟಕ್ಕೆ ಕೂರುವ ಮೊದಲು ಕನ್ನಡಿಯ ಮುಂದೆ ನಿಂತು ಬಾಚಿಕೊಂಡು ಬಂದಿದ್ದ. ಅವನದೇ ಕೂದಲು. ಯಾರದಿದು, ಅಂದ. ಭಕ್ತಿಯ ಮುಖ ಬೆಳ್ಳಗಾಯಿತು, ಹದಿನೈದು ವರ್ಷ ಅವಳಿಗೆ, ಜಡೆ ಸೊಂಟದ ಕೆಳಗೆ ಬರುತ್ತದೆ. ನಂದ್ರಿ, ಅಂದೆ ನಾನು. ಸತ್ಯದ ದಿನ ಸುಳ್ಳು ಹೇಳಿದೆ, ಚಂದ ಹೇಳಿದೆ, ಧ್ವನಿ ನಡುಗಲಿಲ್ಲ. ಅವನು ಎದ್ದ, ಕೈ ತೊಳೆದ, ಕೈ ಮುಗಿದ, ಕೋಣೆಗೆ ಹೋದ, ಮುಗಿಯಿತು ಅಂದುಕೊಂಡೆ. ಕರೆದ. ಹೋದೆ. ಮೇಜಿನ ಮೇಲೆ ಲ್ಯಾಪ್‌ಟಾಪು ಮುಚ್ಚಿತ್ತು, ಮುಚ್ಚಳದ ಮೇಲೆ ಒಂದು ಇರುವೆ ಹೊರಟಿತ್ತು, ಅವನು ಬಾಗಿ ಬೆರಳು ಅಡ್ಡ ಇಟ್ಟ, ಅದು ಬೆರಳು ಹತ್ತುವ ತನಕ ಕಾದ, ಮೆಲ್ಲಗೆ ಗೋಡೆಗೆ ಬಿಟ್ಟ, ಬಿಟ್ಟು ಎರಡೂ ಕೈಯಲ್ಲಿ ಲ್ಯಾಪ್‌ಟಾಪನ್ನು ಎತ್ತಿದ.

ಮೊದಲನೆಯದು ಹೆಗಲಿಗೆ. ಎರಡನೆಯದಕ್ಕೆ ಕೈ ಅಡ್ಡ ತಂದೆ, ಬಳೆಗಳು ಚಟಚಟ ಎಂದವು, ಒಂದು ಡಜನ್ ಹಸಿರು ಬಳೆ, ನಾಗರಪಂಚಮಿಗೆ ಇಡಿಸಿಕೊಂಡದ್ದು, ಮೂರನೆಯದಕ್ಕೆ ಮುಚ್ಚಳ ಬಾಯಿ ಬಿಟ್ಟಿತು, ಬಿಟ್ಟದ್ದು ಮುಚ್ಚಿಕೊಂಡಿತು, ನನ್ನ ತಲೆ ಅದರ ಜೊತೆಗೇ ಹೋಯಿತು, ಕೂದಲು ಸಿಕ್ಕಿಬಿದ್ದಿತ್ತು, ಅವನು ಎಳೆದ, ನಾಲ್ಕನೆಯದು ಪಕ್ಕೆಗೆ. ಉಸಿರಿಲ್ಲ. ನೆಲದ ಮೇಲೆ ಹಸಿರು ಚೂರುಗಳು, ಮಗ್ಗುಲಾದರೆ ಕೆನ್ನೆಗೆ ಚುಚ್ಚುತ್ತವೆ, ನಾನು ಅಳುತ್ತಿದ್ದೆನೇ, ಅಳುತ್ತಿದ್ದೆ, ಎರಡು ಮನೆಯಾಚೆ ಕೇಳಿಸುವಂತೆ ಅಳುತ್ತಿದ್ದೆ. ಆ ಮುನಿಗಳ ಅಂತರಾಯದ ಪಟ್ಟಿಯನ್ನು ಟೈಪ್ ಮಾಡಿಕೊಟ್ಟವಳೂ ನಾನೇ, ಬಾಯಿಪಾಠ ಬರುತ್ತದೆ, ಕೂದಲು ಕಂಡರೆ ಏಳಬೇಕು, ರಕ್ತ ಕಂಡರೆ ಏಳಬೇಕು, ಅಳುವ ದನಿ ಕಿವಿಗೆ ಬಿದ್ದರೆ ಏಳಬೇಕು. ಕೂದಲಿಗೆ ಎದ್ದ ಗಂಡಸು ಹದಿನೇಳು ವರ್ಷ ನನ್ನ ಅಳುವಿನ ನಡುವೆ ತುಪ್ಪ ಹಾಕಿಸಿಕೊಂಡು ಉಂಡಿದ್ದಾನೆ. ಭಕ್ತಿ ಓಡಿ ಬಂದು ಅವನ ಕೈ ಹಿಡಿದಳು, ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡ, ಹೊಡೆಯಲಿಲ್ಲ, ಸುತ್ತಿಕೊಂಡ ಅಷ್ಟೇ, ನಾಳೆಯಿಂದ ದಿನಾ ನೀನ ಬಡಿಸು, ಕೂದಲ ಬಂತಂದ್ರ ನಿನಗೂ ಇದ. ಬಾಗಿಲಲ್ಲಿ ಅತ್ತೆ, ಸೆರಗು ಬಾಯಿಗೆ, ಕಣ್ಣು ಅವನ ಮೇಲಲ್ಲ, ನನ್ನ ಮೇಲೂ ಅಲ್ಲ, ಅವನ ಮೆಹಂದಿ ತಲೆಯ ಮೇಲೆ. ಇವತ್ತು ಬೆಳಿಗ್ಗೆ ಭಕ್ತಿ ಕತ್ತರಿ ಹಿಡಿದುಕೊಂಡು ಬಚ್ಚಲಿಗೆ ಬಂದಳು, ಅವ್ವಾ, ನನ್ನ ಕೂದಲಾ ಕತ್ತರಸ್ತಿ? ಎಲ್ಲಾ? ನಾನು ಕತ್ತರಿ ಕಸಿದುಕೊಂಡೆ, ಕಸಿದುಕೊಂಡು ಕೈಯಲ್ಲಿ ಹಿಡಿದು ನಿಂತಾಗ ಅವನು ಕೋಣೆಯಲ್ಲಿ ಇನ್ನೂ ಮಲಗಿದ್ದ, ಬಾಯಿ ತೆರೆದಿತ್ತು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ಬಾಗಿಲಿನಿಂದ ಹಾಸಿಗೆಗೆ ಆರು ಹೆಜ್ಜೆ. ಎಣಿಸಿದೆ. ಎಣಿಸಿದ್ದೂ ಪಾಪವೇ, ಮನಸ್ಸಿನಲ್ಲಿ ಕೊಂದರೂ ಕೊಂದ ಹಾಗೆಯೇ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತಾರೆ, ಹಾಗಿದ್ದರೆ ನಾನು ಅವನನ್ನು ಸಾವಿರ ಸಲ ಕೊಂದಿದ್ದೇನೆ, ಕಬ್ಬು ಕಡಿಯುವ ಕೊಯ್ತದಿಂದ, ಬಿಸಿ ಎಣ್ಣೆಯಿಂದ, ರುಬ್ಬುವ ಗುಂಡಿನಿಂದ, ಹತ್ತು ದಿನ ಮುಗಿದ ಮೇಲೆ ಕ್ಷಮಾವಣಿಯ ದಿನ ಅವನು ಮನೆ ಮನೆಗೆ ಹೋಗಿ ಕೈ ಮುಗಿದು ತಪ್ಪಾಗಿದ್ರ ಕ್ಷಮಾ ಮಾಡ್ರಿ ಅನ್ನುವಾಗ, ಕೊನೆಗೆ ಬಂದು ನನ್ನ ಮುಂದೆಯೂ ಅದೇ ಮಾತು ಅದೇ ಧ್ವನಿಯಲ್ಲಿ ಅನ್ನುವಾಗ, ಮುಗಿದ ಆ ಎರಡು ಅಂಗೈಗಳ ನಡುವೆ ಒಂದು ಮೊಳೆ ಹೊಡೆದಿದ್ದೇನೆ, ಪ್ರತಿ ವರ್ಷ ಹೊಡೆದಿದ್ದೇನೆ. ಕತ್ತರಿಯನ್ನು ಅಕ್ಕಿ ಡಬ್ಬಿಯ ಕೆಳಗೆ ಬಚ್ಚಿಟ್ಟು ಬಂದೆ.

ಅಕ್ಕಾರ, ಇಲ್ಲಿ ನೋಡ್ರಿ. ಮೈನೋದ್ದೀನ ಮುಚ್ಚಳವನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸುತ್ತಿದ್ದಾನೆ, ಬಗ್ಗಿಸಿದ ಹಾಗೆ ಫಕ್ಕನೆ ಬೆಳಕು, ಉತ್ತಮ ಸಂಯಮ, ನೆಟ್ಟಗೆ ಮಾಡಿದರೆ ಕಪ್ಪು, ಮತ್ತೆ ಬಗ್ಗಿಸಿದರೆ ಬೆಳಕು. ಬಗ್ಗಿದ್ರ ಬರತೈತಿ, ನೆಟ್ಟಗ ನಿಂತ್ರ ಹೋಗತೈತಿ, ಅಂದ್ರ ಬಿಜಾಗರಿ ಹಂತ್ಯಾಕ ವೈರಿನ ಮ್ಯಾಲೆ ಏನೋ ಕುಂತೈತ್ರಿ. ಹಂಗ ಬಗ್ಗಿಸೇ ಇಟ್ರ ನಡಿಯೂದಿಲ್ಲೇನ್ರಿ, ಎಂದು ಕೇಳಿದೆ, ಕೇಳಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು, ಬಾಗಿಸಿ ಇಟ್ಟು ನಡೆಸುವುದೊಂದೇ ಗೊತ್ತಲ್ಲ ನಿನಗೆ, ಥೂ. ನಾಕ ದಿನ ನಡಿತೈತ್ರಿ, ಆಮ್ಯಾಲೆ ವೈರ ಹರಿತೈತಿ. ಅವನು ಚೌಕಟ್ಟಿನ ರಬ್ಬರ್ ಗುಂಡಿಗಳನ್ನು ಉಗುರಿನಿಂದ ಎಬ್ಬಿಸಿ ಅಡಿಯ ಸ್ಕ್ರೂಗಳನ್ನು ತೆಗೆಯುತ್ತಾನೆ, ತೆಗೆದ ಸ್ಕ್ರೂಗಳನ್ನು ಥರ್ಮಾಕೋಲಿನ ಹಾಳೆಯ ಮೇಲೆ ಅವುಗಳ ಜಾಗದಂತೆಯೇ ಚುಚ್ಚಿಡುತ್ತಾನೆ, ಮೇಲಿನದು ಮೇಲೆ, ಕೆಳಗಿನದು ಕೆಳಗೆ, ಅವಸರವಿಲ್ಲ, ಆ ಕೈಗಳನ್ನು ನೋಡುತ್ತಾ ಕೂತರೆ ನಿದ್ದೆ ಬರುವಂತಿದೆ, ಒಂದು ವಸ್ತುವನ್ನು ಮುರಿಯದೆ ಬಿಚ್ಚುವ ಕೈ ಗಂಡಸಿಗೂ ಇರುತ್ತದೆಯೇ. ಚೌಕಟ್ಟು ಟಕ್ ಟಕ್ ಎಂದು ಬಿಟ್ಟುಕೊಂಡಿತು. ಅವನು ಚಿಮಟ ತೆಗೆದುಕೊಂಡ, ಬಾಗಿದ, ಮುಚ್ಚಳ ತಿರುಗುವ ಬಿಜಾಗರಿಯ ಸಂದಿಯಿಂದ ಏನನ್ನೋ ಎಳೆದ, ಉದ್ದಕ್ಕೆ ಬಂತು, ಬರುತ್ತಲೇ ಇತ್ತು, ಕರಿ ಕೂದಲು, ಒಂದು, ಎರಡು, ಒಂದು ಸಣ್ಣ ಗಂಟು, ಬುಡದಲ್ಲಿ ಬಿಳಿ. ಬಿಳಿ ಕಾಗದದ ಮೇಲೆ ಇಟ್ಟ. ಮತ್ತೆ ಬಾಗಿದ. ಈ ಸಲ ಚಿಮಟದ ತುದಿಯಲ್ಲಿ ಹಸಿರು. ಗೋಧಿ ಕಾಳಿಗಿಂತ ಸ್ವಲ್ಪ ಉದ್ದ, ಕೊಂಚ ಬಾಗಿದೆ, ಒಂದು ತುದಿ ಸೂಜಿ, ಆ ತುದಿಗೆ ಕಂದು ಬಣ್ಣ ಒಣಗಿ ಅಂಟಿದೆ. ಅದನ್ನೂ ಕಾಗದದ ಮೇಲೆ ಇಟ್ಟ. ಫ್ಯಾನು ಗರಗರ. ಕೆಳಗೆ ಯಾವುದೋ ಬಸ್ಸಿನವನು ಹುಕ್ಕೇರಿ ಹುಕ್ಕೇರಿ ಎಂದು ಕೂಗುತ್ತಿದ್ದಾನೆ. ಮೈನೋದ್ದೀನ ನನ್ನ ಮುಖ ನೋಡಲಿಲ್ಲ, ಸೆರಗಿನಲ್ಲಿ ಮುಚ್ಚಿದ ಕೈಯನ್ನು ನೋಡಿದ, ಬಳೆ ಇದ್ದ ಬಲಗೈ ನೋಡಿದ, ಎದ್ದು ಕಿಟಕಿಗೆ ಮುಖ ಮಾಡಿ ನಿಂತ. ಬಿದ್ದದ್ದಕ್ಕ ಹಿಂಗ ಆಗೂದಿಲ್ಲ್ರಿ ಅಕ್ಕಾರ, ಅಂದ ಕಿಟಕಿಗೆ. ನನಗೆ ಬಂದದ್ದು ಅಳುವಲ್ಲ, ಅಳು ನನಗೆ ಗೊತ್ತು, ಇದು ಬೇರೆ, ಇದು ಆ ಸತ್ತ ಟಿವಿಗಳನ್ನೆಲ್ಲಾ ಒಂದೊಂದಾಗಿ ಎತ್ತಿ ರಸ್ತೆಗೆ ಎಸೆಯಬೇಕೆನ್ನುವಂಥದ್ದು. ಮೈನೋದ್ದೀನ ಬಂದು ಕೂತು ಎಲ್ಲ ಸ್ಕ್ರೂ ಹಾಕಿದ, ಪರದೆ ಎತ್ತಿದ, ನೆಟ್ಟಗೆ ನಿಲ್ಲಿಸಿದ, ಬೆಳಕು ನಿಂತಿತು, ಅಲುಗಾಡಿಸಿದ, ಆದರೂ ನಿಂತಿತು. ರೊಕ್ಕ ಬ್ಯಾಡ್ರಿ ಇದಕ್ಕ, ಏನೂ ಹಾಕಿಲ್ಲ ನಾ, ತಗದೇನಿ ಅಷ್ಟ. ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ನನ್ನ ಮುಂದೆ ಸರಿಸಿದ, ಇದು ನಿಮ್ದರಿ, ಒಯ್ಯಿರಿ. ಕೂದಲೂ ಅದರಲ್ಲೇ ಇತ್ತು, ಹಸಿರೂ ಅದರಲ್ಲೇ ಇತ್ತು, ಕಾಗದಕ್ಕೆ ತೂಕವೇ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು, ತೊಡೆಯ ಮೇಲೆ ಚೀಲ, ಮುಷ್ಟಿಯಲ್ಲಿ ಕಾಗದ, ಕಲ್ಲೊಳಿ ದಾಟುವವರೆಗೆ ಬಿಚ್ಚಲಿಲ್ಲ, ಕಬ್ಬು, ಕಬ್ಬು, ಮತ್ತೆ ಕಬ್ಬು, ಇಷ್ಟು ಹಸಿರಿನ ನಡುವೆ ನಮ್ಮ ತಾಟಿನಲ್ಲಿ ಮಾತ್ರ ಇಲ್ಲ. ಬಿಚ್ಚಿದೆ. ಬಿಸಿಲಿಗೆ ಹೊಳೆಯಿತು. ಅರೆದರೆ ಎಷ್ಟಾದೀತು, ಚಿಟಿಕೆ, ಮನೆಯಲ್ಲಿ ಗುಡಿಸಿಟ್ಟ ಬಳೆಯ ಚೂರುಗಳೂ ಇವೆ, ಭಕ್ತಿ ಕಸದ ಬುಟ್ಟಿಗೆ ಹಾಕಿಲ್ಲ, ಕಾಗದದಲ್ಲಿ ಕಟ್ಟಿ ಒಲೆಯ ಹಿಂದೆ ಇಟ್ಟಿದ್ದಾಳೆ, ಎಲ್ಲಾ ಸೇರಿಸಿ ಕಲ್ಲಿನಲ್ಲಿ ಹಾಕಿ ನುಣ್ಣಗೆ, ಇನ್ನೂ ನುಣ್ಣಗೆ, ಉಪ್ಪಿನಷ್ಟು ನುಣ್ಣಗೆ, ಹೆಸರುಬೇಳೆಯಲ್ಲಿ ಕಲಸಿದರೆ ಯಾರಿಗೂ ಕಾಣುವುದಿಲ್ಲ, ಕಂಡರಷ್ಟೇ ಅಂತರಾಯ, ಕಾಣದ್ದಕ್ಕೆ ಇಲ್ಲ, ಅವನು ಚಪ್ಪರಿಸುತ್ತಾ ಉಣ್ಣುತ್ತಾನೆ, ಬಸದಿಗೆ ಹೋಗುತ್ತಾನೆ, ಬಂಧುಗಳೇ ಅನ್ನುತ್ತಾನೆ, ಹೊಟ್ಟೆ ಹಿಡಿದುಕೊಳ್ಳುತ್ತಾನೆ, ಇರುವೆಗೂ ನಮ್ಮಷ್ಟೇ ನೋವಿದೆ ಎಂಬ ಸಾಲಿಗೆ ಬಂದಾಗ ಬಾಯಲ್ಲಿ ರಕ್ತ, ಬಿಳಿ ಧೋತರದ ಮೇಲೆ ರಕ್ತ — ನನ್ನ ಮೈ ಬಿಸಿಯಾಯಿತು, ಸಂತೋಷದಿಂದ ಬಿಸಿಯಾಯಿತು, ಅದನ್ನು ಮುಚ್ಚಿಡುವುದೇನು, ಬಾಯಲ್ಲಿ ನೀರೂರಿತು, ಬೆಳಗಿನಿಂದ ಒಣಗಿದ ಬಾಯಲ್ಲಿ. ಪಕ್ಕದ ಮುದುಕಿ, ಯಾಕ ಯವ್ವಾ, ಒಬ್ಬಾಕಿನ ನಗಾಕತ್ತಿ, ಅಂದಳು. ಏನಿಲ್ಲ ಆಯಿ. ಆಮೇಲೆ ನಾಗನೂರು ಬಂತು, ನಗು ತಾನೇ ಇಳಿದು ಹೋಯಿತು, ಯಾಕೆಂದರೆ ಇವತ್ತು ಬಡಿಸುವವಳು ಭಕ್ತಿ. ಅವಳ ಕೈಯಿಂದ. ಅವಳು ಸೌಟು ಹಿಡಿದು, ಇನ್ನಷ್ಟು ಹಾಕಲೇನ್ರಿ ಅಪ್ಪಾ, ಎಂದು ಕೇಳುವುದು ಕಿವಿಗೆ ಕೇಳಿಸಿತು, ನುಣ್ಣಗೆ ಅರೆದ ಹಸಿರು ಆ ಮಗುವಿನ ಸೌಟಿನಲ್ಲಿ, ಅವಳ ಉಳಿದ ಆಯುಷ್ಯದಲ್ಲಿ. ಇಲ್ಲ. ಅವನು ಮಾಡುವುದನ್ನೆಲ್ಲಾ ಕಾಣದಂತೆ ಮಾಡುವುದೇ ಹದಿನೇಳು ವರ್ಷ ನನ್ನ ಕೆಲಸವಾಗಿತ್ತು, ಕಲೆ ತಿಕ್ಕಿದ್ದೇನೆ, ಸೆರಗು ಎಳೆದಿದ್ದೇನೆ, ಮೆಟ್ಟಿಲು ಜಾರಿದೆ ಅಂದಿದ್ದೇನೆ, ನಂದ್ರಿ ಅಂದಿದ್ದೇನೆ, ಇವತ್ತು ಇವನ ಪರದೆಯನ್ನೂ ಬೆಳಗಿಸಿ ತಂದಿದ್ದೇನೆ, ಈಗ ಇದನ್ನೂ ಅರೆದು ಕಾಣದಂತೆ ಮಾಡಲೇ? ಮೂಡಲಗಿ ಬಂತು, ಇಳಿದೆ.

ಐದೂವರೆಗೆ ಬಂದ. ಲ್ಯಾಪ್‌ಟಾಪನ್ನು ಕೋಣೆಯಲ್ಲಿ ಮೊದಲಿದ್ದಲ್ಲೇ ಇಟ್ಟಿದ್ದೆ, ಸ್ನಾನ ಮಾಡಿ ಬಂದು ತೆರೆದ, ಬಾಗಿಲ ಸಂದಿಯಿಂದ ನೋಡಿದೆ, ಬೆಳಕು ಅವನ ಮುಖದ ಮೇಲೆ ನೀಲಿಯಾಗಿ ಬಿತ್ತು, ಓದಿಕೊಂಡ, ತಲೆ ಆಡಿಸಿದ, ಚಲೋ ಆಗೇತಿ, ಎಂದು ತನಗೇ ಹೇಳಿಕೊಂಡ, ಆ ಮೂಲೆ ಬಾಗಿದ್ದು ಅವನಿಗೆ ಕಾಣಲೇ ಇಲ್ಲ. ಕನ್ನಡಿಯ ಮುಂದೆ ಬಾಚಿಕೊಂಡ. ಮಣೆಯ ಮೇಲೆ ಕೂತ. ಪಡಸಾಲೆಯ ಪಶ್ಚಿಮದ ಕಿಟಕಿಯಿಂದ ಬಿಸಿಲು ಉದ್ದಕ್ಕೆ ಬಂದು ತಾಟಿನ ಅಂಚನ್ನು ಮುಟ್ಟುತ್ತಿದೆ, ಇನ್ನು ಅರ್ಧ ತಾಸಿನ ಸೂರ್ಯ, ಅತ್ತೆ ಕಂಬಕ್ಕೆ ಒರಗಿ ಜಪಮಾಲೆ ಹಿಡಿದು ಕೂತಿದ್ದಾಳೆ, ಭಕ್ತಿ ಅಡುಗೆಮನೆಯಿಂದ ಅನ್ನದ ಪಾತ್ರೆ ಎತ್ತಿಕೊಂಡು ಬರುತ್ತಿದ್ದಾಳೆ, ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡಿದ್ದಾಳೆ, ಬಿಗಿಯಾಗಿ, ಒಂದು ಎಳೆಯೂ ಹೊರಗೆ ಬರದಂತೆ, ಗಾಯವಾದವರು ಸುತ್ತಿಕೊಂಡ ಹಾಗೆ, ಪಾತ್ರೆಯ ಮುಚ್ಚಳ ಕಿಣಿಕಿಣಿ ಅನ್ನುತ್ತಿದೆ. ಆ ಟವೆಲ್ಲು ಕಂಡದ್ದೇ ನಾನು ನೆಟ್ಟಗೆ ನಿಂತೆ. ಆಚಿಗೆ ಸರಿ ಭಕ್ತಿ, ಇವತ್ತ ನಾ ಬಡಸ್ತೇನಿ. ಅಪ್ಪಾ ನನಗ ಹೇಳ್ಯಾರ ಅವ್ವಾ. ಆಚಿಗೆ ಸರಿ ಅಂದೆ, ಪಾತ್ರೆ ಕಸಿದುಕೊಂಡು ನಾನೇ ಬಡಿಸಿದೆ. ಅನ್ನ, ಹೆಸರುಬೇಳೆ, ಜೋಳದ ರೊಟ್ಟಿ, ತುಪ್ಪ, ತಾಟಿನ ಮೇಲಂಚಿಗೆ ಉಪ್ಪು, ಎಲ್ಲಾ ಬಿಳಿ, ಎಲ್ಲಾ ಹಳದಿ. ಅವನು ಕೈ ಮುಗಿದು ಕಣ್ಣು ಮುಚ್ಚಿದ, ಣಮೋಕಾರ ಮಂತ್ರ ಹೇಳುತ್ತಿದ್ದಾನೆ, ಐದು ಸಾಲು, ನನಗೆ ಅಷ್ಟು ಹೊತ್ತು ಸಾಕು, ಸೊಂಟದಿಂದ ಕಾಗದ ತೆಗೆದೆ, ಬಿಚ್ಚಿದೆ, ಕೂದಲನ್ನು ಮುಷ್ಟಿಯಲ್ಲೇ ಉಳಿಸಿಕೊಂಡೆ, ಅದು ನನ್ನದು, ಹಸಿರು ಚೂರನ್ನು ಎರಡು ಬೆರಳಲ್ಲಿ ಎತ್ತಿ ಉಪ್ಪಿನ ಪಕ್ಕದಲ್ಲಿ ಇಟ್ಟೆ, ಮೆಲ್ಲಗೆ, ಸದ್ದಾಗದಂತೆ, ಅವನು ಬಾವಿಗೆ ತಂಬಿಗೆ ಇಳಿಸುವಷ್ಟು ಮೆಲ್ಲಗೆ. ಸೆರಗು ಸರಿಸಿ ಎಡಗೈಯನ್ನು ಹೊರಗೆ ತಂದೆ. ಅವನು ಕಣ್ಣು ತೆರೆದ.

ಏನಿದು. ನಿಮ್ಮ ಲ್ಯಾಪಟಾಪಿನ್ಯಾಗ ಸಿಕ್ಕಿತ್ರಿ, ಅಂದೆ, ನಿನ್ನೆ ಸಂಜಿತನಕ ನನ್ನ ಕೈಯಾಗಿತ್ತು. ಧ್ವನಿ ನಡುಗಲಿಲ್ಲ, ಸುಳ್ಳಿಗೆ ನಡುಗದ ಧ್ವನಿ ನಿಜಕ್ಕೆ ಯಾಕೆ ನಡುಗಬೇಕು. ನಿನ್ನೆ ಬಂದಿದ್ದ ಕೂದಲಾ ನಂದಲ್ಲರಿ, ಭಕ್ತಿದೂ ಅಲ್ಲ, ನಿಮ್ದ. ಅವನ ಕತ್ತಿನ ನರ ಎದ್ದಿತು, ಆ ನರ ನನಗೆ ಗೊತ್ತು, ಅದು ಎದ್ದ ಮೇಲೆ ಕೈ ಏಳಲು ಎರಡು ಉಸಿರು, ಒಂದು, ಭಕ್ತಿ ನನ್ನ ಬೆನ್ನಿಗೆ ಬಂದು ನಿಂತಳು, ಅವಳ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿದೆ, ಏಳಲಿ ಕೈ, ಇವತ್ತು ಏಳಲಿ, ಬಿಸಿ ಬೇಳೆಯ ಪಾತ್ರೆಯನ್ನು ಬಲಗೈಯಲ್ಲಿ ಎತ್ತಿಕೊಂಡಿದ್ದೇನೆ, ಎರಡು — ಕೈ ಮೇಲಕ್ಕೆ ಏಳಲಿಲ್ಲ, ಸೂರ್ಯನ ಕಡೆ ನೋಡಿದ, ತಾಯಿಯ ಕಡೆ ನೋಡಿದ, ಹಸಿದ ಹೊಟ್ಟೆ, ಎರಡು ದಿನದ್ದು, ಆಮೇಲೆ ಬಾಗಿ ತೋರುಬೆರಳನ್ನು ಚೂರಿನ ಕಡೆ ತಂದ, ಅಂಚಿನಿಂದ ಆಚೆ ಸರಿಸಿಬಿಡಲು, ಥೇಟ್ ಆ ಇರುವೆಗೆ ಬೆರಳು ಇಟ್ಟ ಹಾಗೆ, ಮೆಲ್ಲಗೆ, ಕಾಳಜಿಯಿಂದ. ಮುಟ್ಟಬ್ಯಾಡ. ಅತ್ತೆಯ ಧ್ವನಿ. ಜಪಮಾಲೆ ಕೆಳಗಿಟ್ಟಿದ್ದಾಳೆ, ಕಂಬ ಹಿಡಿದು ಎದ್ದು ನಿಂತಿದ್ದಾಳೆ, ಕಣ್ಣು ಅವನ ತಲೆಯ ಮೇಲಲ್ಲ, ನೇರ ಅವನ ಕಣ್ಣಿನಲ್ಲಿ. ರಕ್ತ ಐತಿ ಅದಕ್ಕ. ಅಂತರಾಯ ಆತು. ಏಳು. ಅವ್ವಾ, ಬಸದಿಯಾಗ ಮಂದಿ ದಾರಿ ಕಾಯಾಕತ್ತಾರ, ಅಂದ ಅವನು, ಧ್ವನಿ ಚಿಕ್ಕ ಹುಡುಗನದು, ಇಂಥ ಧ್ವನಿ ಅವನಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಂದಿ ಮುಂದ ನಾ ಬಂದು ಹೇಳ್ತೇನಿ, ಯಾರ ರಕ್ತ ಅಂತ ಹೇಳ್ತೇನಿ, ನೀ ಏಳು. ಅವನು ಏಳುತ್ತಿಲ್ಲ, ಉಣ್ಣುತ್ತಲೂ ಇಲ್ಲ, ಬೆರಳು ಉಪ್ಪಿನ ಹತ್ತಿರ ನಿಂತುಬಿಟ್ಟಿದೆ, ಕೋಣೆಯೊಳಗೆ ಪರದೆ ಉರಿಯುತ್ತಲೇ ಇದೆ, ಪಾತ್ರೆಯ ಬಿಸಿ ನನ್ನ ಬೆರಳನ್ನು ಸುಡುತ್ತಿದೆ, ನಾನು ಕೆಳಗಿಡುವುದಿಲ್ಲ, ಬಿಸಿಲು ತಾಟಿನ ಅಂಚಿನಿಂದ ಒಂದು ಬೆರಳು ಮುಂದೆ ಸರಿಯಿತು, ಬಿಳಿ ಅನ್ನ, ಪಕ್ಕದಲ್ಲಿ ಉಪ್ಪು, ಉಪ್ಪಿನ ಪಕ್ಕದಲ್ಲಿ ಹಸಿರು, ಈ ಹತ್ತು ದಿನದ ವ್ರತದಲ್ಲಿ ಈ ತಾಟಿನ ಮೇಲೆ ಮೊದಲ ಸಲ, ಹಸಿರು, ಅದರ ತುದಿಗೆ ನಾನು, ಹಸಿರು.